ಗೇರಿಲ್ಲದ ಗಾಡಿಗೆ ಗೇರು ಹಾಕಿಸಿದವರು

ಫಕ್ಕೀರಪ್ಪನವರ ಎಡಗಾಲು ಎಲ್ಲಿ ಕುಳಿತರೂ ಕ್ಲಚ್ ಒತ್ತುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಹುಗ್ಗಿ ಬಡಿಸುವವನು ಹತ್ತಿರ ಬಂದರೆ ಒಮ್ಮೆ, ತುಪ್ಪದವನು ಬಂದರೆ ಇನ್ನೊಮ್ಮೆ. ಎದುರು ಸಾಲಿನಲ್ಲಿ ಕುಳಿತವರು ಆ ಕಾಲಿಗೆ ಹೆದರಿ ತಮ್ಮ ಎಲೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮಠದಲ್ಲಿ ಪ್ರವಚನ ನಡೆಯುವಾಗ ಸ್ವಾಮಿಗಳು ಒಂದು ವಿಷಯದಿಂದ ಇನ್ನೊಂದಕ್ಕೆ ಹೊರಳಿದರೆ ಸಾಕು, ಇವರ ಎಡಗಾಲು ಕೆಳಗೆ, ಬಲಗೈ ಮುಂದಕ್ಕೆ. ಅವರ ಹೆಂಡತಿ ನಿಂಗವ್ವ ಹೇಳುತ್ತಿದ್ದಳು: "ನಿದ್ದ್ಯಾಗೂ ಒತ್ತತಾರ್ರೀ. ಕಾಲಕಡೆ ಮೂರು ಕೌದಿ ಹರದುವು."

ಹಾನಗಲ್ಲಿನಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಬೇಕೆಂದು ಅವರು ಹಟ ಹಿಡಿಯುತ್ತಿದ್ದರು. ಅಲ್ಲಿ ಕುಳಿತು ಡ್ರೈವರನಿಗಿಂತ ಒಂದು ಕ್ಷಣ ಮುಂಚೆ ಕ್ಲಚ್ ಒತ್ತುವುದು, ಅವನು ತಡ ಮಾಡಿದರೆ "ಮೂರನೇದು ಹಾಕೋ ಮಾರಾಯಾ, ಎಂಜಿನ್ನು ಅಳಾಕತ್ತೈತಿ" ಎಂದು ಸಂಕಟಪಡುವುದು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಹಾವೇರಿಯಲ್ಲಿ ಇಳಿದವರು ಬೆವರು ಒರೆಸಿಕೊಂಡು, ಸೊಂಟ ಹಿಡಿದುಕೊಂಡು, "ಇವತ್ತ ಭಾಳ ತ್ರಾಸ ಆತ್ರೀ ಅಕ್ಕೋರ. ಎದುರಿಗೆ ಬರೇ ಕಬ್ಬಿನ ಗಾಡಿ" ಎಂದರು. ಟಿಕೆಟ್ ತೆಗೆದುಕೊಂಡು ಬಸ್ಸು ಓಡಿಸಿಕೊಂಡು ಬಂದ ಮನುಷ್ಯರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ಹುಚ್ಚೆಂದು ತಳ್ಳಿಹಾಕುವ ಹಾಗಿರಲಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಲ್ಲಿ ಯಾರು ಟ್ರ್ಯಾಕ್ಟರ್ ಕೊಳ್ಳುವುದಿದ್ದರೂ ಮೊದಲು ಫಕ್ಕೀರಪ್ಪನವರನ್ನು ಕರೆದೊಯ್ದು ಗಾಡಿ ತೋರಿಸುವುದು ರೂಢಿ. ಪ್ರಾಯದಲ್ಲಿ, ಟ್ರೇಲರ್ ಹಚ್ಚಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಪಂದ್ಯಗಳಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲವಂತೆ. ಆ ಹೆಸರಿನ ಮೇಲೆ ಮುಂದಿನ ಎಲ್ಲವೂ ನಿಂತಿತ್ತು. ಷೋರೂಮಿಗೆ ಹೋದರೆ ಅವರು ಎಂಜಿನ್ ನೋಡುತ್ತಿರಲಿಲ್ಲ, ಟೈರು ಒದೆಯುತ್ತಿರಲಿಲ್ಲ. ಸೀಟಿನ ಮೇಲೆ ಕುಳಿತು, ಗೇರಿನ ಗುಂಡಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚುತ್ತಿದ್ದರು. ಮಾರುವವನು ಬಾಯಿ ತೆರೆದರೆ "ತಡೀರಿ, ಮಾತಾಡಸಾಕತ್ತೇನಿ" ಎಂದು ಗದರುತ್ತಿದ್ದರು.

ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬನಿಗೆ ಅವರು ಹೇಳಿದ್ದು ನಮ್ಮ ಕಡೆ ಇವತ್ತಿಗೂ ಗಾದೆಯಂತೆ ಓಡಾಡುತ್ತದೆ. "ಗಾಡಿ ಭೇಷ್ ಐತಿ. ಆದ್ರ ಎರಡನೇ ಗೇರಿಗೆ ಮನಸ್ಸಿಲ್ಲ." ವ್ಯಾಪಾರಿ ಗಾಬರಿಯಾಗಿ, ಮನಸ್ಸಿಲ್ಲ ಅಂದರೇನು ಎಂದು ಕೇಳಿದರೆ, "ಹೊಲಕ್ಕ ಹೋಗಾಕ ಮನಸ್ಸಿಲ್ಲ. ಇದು ಪ್ಯಾಟಿ ಗೇರು" ಎಂದರಂತೆ. ಆತ ಪಕ್ಕದಲ್ಲಿದ್ದ ಅದೇ ಬಣ್ಣದ, ಅದೇ ಮಾದರಿಯ ಇನ್ನೊಂದನ್ನು ಕೊಂಡು, ಅದರ ಎರಡನೇ ಗೇರನ್ನು ಹೊಗಳುತ್ತಲೇ ಇದ್ದಾನೆ. ಇಷ್ಟಕ್ಕೆಲ್ಲ ಫಕ್ಕೀರಪ್ಪನವರು ತೆಗೆದುಕೊಳ್ಳುತ್ತಿದ್ದದ್ದು ಒಂದು ಪ್ಲೇಟು ಗಿರ್ಮಿಟ್ಟು, ಎರಡು ಮಿರ್ಚಿ, ಒಂದು ಚಹಾ.

ನಾನು ಹಾನಗಲ್ಲಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಹಾಗಾಗಿ ಊರಿಗೆಲ್ಲ ಅಕ್ಕೋರು. ಊರ ಹೊರಗೆ ಅಪ್ಪ ಬಿಟ್ಟುಹೋದ ನಾಲ್ಕು ಎಕರೆ ಮಾವಿನ ತೋಟವಿದೆ. ಬಾಡಿಗೆ ಟ್ರ್ಯಾಕ್ಟರಿನವರು ಕರೆದ ದಿನ ಒಂದನ್ನು ಬಿಟ್ಟು ಉಳಿದೆಲ್ಲ ದಿನ ಬರುತ್ತಿದ್ದರು. ಬಂದರೂ ಎತ್ತರದ ಗಾಡಿ ತಂದು, ಬಾಗಿದ ಟೊಂಗೆಗಳನ್ನೆಲ್ಲ ಮುರಿದು ಹೋಗುತ್ತಿದ್ದರು. ಮುರಿದ ಟೊಂಗೆ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಒಂದು ಸಣ್ಣ ಟ್ರ್ಯಾಕ್ಟರ್ ಕೊಂಡು ನಾನೇ ಓಡಿಸುತ್ತೇನೆಂದು ಒಂದು ದಿನ ಸಿಟ್ಟಿನಲ್ಲಿ ಹೇಳಿಬಿಟ್ಟೆ. ಫಕ್ಕೀರಪ್ಪನವರ ಮನೆ ನಮ್ಮ ಮನೆಯ ಹಿಂದೆಯೇ. ಗೋಡೆಯ ಆಚೆಯಿಂದಲೇ ಉತ್ತರ ಬಂತು: "ಗೇರಿನ ಗಾಡಿನ ತಗೋರಿ ಅಕ್ಕೋರ. ನಾ ಕಲಸ್ತೇನಿ."

ಕಲಿಸುವಿಕೆ ಅವರ ಅಂಗಳದಲ್ಲಿ ಶುರುವಾಯಿತು. ಸೀಟಿಗೆ ಒಂದು ಕುರ್ಚಿ. ಗೇರಿಗೆ, ಭತ್ತ ತುಂಬಿದ ಡಬ್ಬಿಯಲ್ಲಿ ನೆಟ್ಟ ಒನಕೆ. ಕ್ಲಚ್ಚಿಗೆ, ಮಡಚಿದ ಕೌದಿಯ ಮೇಲೆ ಇಟ್ಟ ಹಲಗೆ. ಎಂಜಿನ್ನಿಗೆ ಫಕ್ಕೀರಪ್ಪನವರ ಬಾಯಿ. ನಾನು ಹಲಗೆಯನ್ನು ಒಮ್ಮೆಲೇ ಬಿಟ್ಟರೆ ಅವರ ಬಾಯಿ ಟಕ್ಕನೆ ನಿಂತು, ಮುಖದ ಮೇಲೆ ಯಾರೋ ತೀರಿಕೊಂಡ ದುಃಖ ಕಾಣಿಸುತ್ತಿತ್ತು. "ಬಂದ್ ಬಿತ್ರೀ. ಮತ್ತ ಹಚ್ಚೇನಿ, ತಡೀರಿ" ಎಂದು ಉಸಿರು ತುಂಬಿಕೊಂಡು ಪುನಃ ಶುರು ಮಾಡುತ್ತಿದ್ದರು. ಮೊದಲ ಸಂಜೆಯೇ ಅವರ ಬಾಯಿಯನ್ನು ನಾನು ಹನ್ನೊಂದು ಸಲ ಬಂದ್ ಬೀಳಿಸಿದೆ. ಹನ್ನೊಂದನೆಯ ಸಲಕ್ಕೆ ಅವರಿಗೆ ಕೆಮ್ಮು ಹತ್ತಿ, ನಿಂಗವ್ವ ನೀರು ತಂದುಕೊಟ್ಟು, "ಎಂಜಿನ್ ಕಾದೈತ್ರೀ, ಇವತ್ತಿಗೆ ಸಾಕು" ಎಂದಳು. ಅವರ ನಿಜವಾದ ಟ್ರ್ಯಾಕ್ಟರ್ ಹತ್ತಿದ ದಿನ ನಾನು ನೇರವಾಗಿ ತಿಪ್ಪೆಗೆ ನುಗ್ಗಿಸಿದ್ದನ್ನು ಇಲ್ಲಿ ವಿವರಿಸುವುದಿಲ್ಲ.

ಅಷ್ಟರಲ್ಲಿ ಒಂದು ಕಂಪನಿಯವರು ಊರ ಹೊರಗಿನ ಬಯಲಿನಲ್ಲಿ ಹೊಸ ಬಗೆಯ ಸಣ್ಣ ಟ್ರ್ಯಾಕ್ಟರ್ ತಂದು ಪ್ರದರ್ಶನಕ್ಕೆ ಇಟ್ಟರು. ಹೈಡ್ರೋಸ್ಟ್ಯಾಟಿಕ್ ಎಂದು ಹೆಸರು. ಎಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಎಣ್ಣೆಯ ಒತ್ತಡದಿಂದ ಚಕ್ರ ತಿರುಗುತ್ತದೆ. ಕ್ಲಚ್ ಒತ್ತಿ ಗೇರು ಬದಲಿಸುವ ಗೋಜಿಲ್ಲ. ಬಲಗಾಲಿನ ಪೆಡಲನ್ನು ಮುಂದಕ್ಕೆ ಒತ್ತಿದರೆ ಮುಂದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದೆ, ಕಾಲು ತೆಗೆದರೆ ನಿಲ್ಲುತ್ತದೆ. ಇಷ್ಟನ್ನೂ ನಾನು ಪಾಠ ಮಾಡುವ ಹುರುಪಿನಲ್ಲಿ ಫಕ್ಕೀರಪ್ಪನವರಿಗೆ ವಿವರಿಸಿದೆ. ಅವರು ಕೇಳಿಸಿಕೊಂಡು, "ಎಣ್ಣಿ ಇರೋದು ಬಜಿ ಕರಿಯಾಕ" ಎಂದರು.

ನಾಲ್ಕು ತಾಲೂಕಿನ ಜನ ಬಯಲಿನಲ್ಲಿ ಸೇರಿದ್ದರು. ಫಕ್ಕೀರಪ್ಪನವರು ಬಾಯಿಬಿಡದೆ ಯಾರೂ ಗಾಡಿಯ ಹತ್ತಿರ ಹೋಗುವವರಲ್ಲ. ಅವರು ಹತ್ತಿ ಕುಳಿತರು. ವೇಗಕ್ಕೆಂದು ಒಂದು ಪುಟ್ಟ ಕಡ್ಡಿ ಇತ್ತು. ಅದರ ಪಕ್ಕದಲ್ಲಿ ಮೊಲದ ಚಿತ್ರ, ಆಮೆಯ ಚಿತ್ರ. "ಇದು ಗಾಡಿಯೋ, ಒಂದನೇ ಕ್ಲಾಸಿನ ಪುಸ್ತಕಾನೋ?" ಎಂದು ಕೇಳಿದರು. ಆಮೇಲೆ ಅವರ ಎಡಗಾಲು ಕ್ಲಚ್ಚಿಗಾಗಿ ಹುಡುಕಾಡಲು ಶುರು ಮಾಡಿತು. ಕ್ಲಚ್ ಸಿಗಲಿಲ್ಲ. ಬರಿಯ ತಗಡಿನ ಮೇಲೆ ದಬ್ ದಬ್ ಎಂದು ನಾಲ್ಕು ಸಲ ಗುದ್ದಿ, ಅವರು ಕೆಂಪಗಾಗಿ ಇಳಿದುಬಂದರು.

"ಎಡಗಾಲಿಗೆ ಕೆಲಸಾನ ಇಲ್ಲಂದ್ರ ಅದನ್ನೇನು ಮನ್ಯಾಗ ಬಿಟ್ಟು ಬರಬೇಕೇನ್ರಿ?" ಎಂದು ಮಾರಾಟಗಾರನನ್ನು ಕೇಳಿದರು. ಚಹದಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ, "ಇನ್ನೊಮ್ಮೆ ಗೇರಿಲ್ಲದ ಗಾಡಿ ಮ್ಯಾಲೆ ನಾ ಕುಂತೆ ಅಂದ್ರ, ಈ ಮೀಸಿ ಬೋಳಿಸಿ ನಿಮ್ಮ ಕೈಯಾಗ ಕೊಡ್ತೇನಿ" ಎಂದು ಆಣೆ ಮಾಡಿದರು. ಅವರ ಮೀಸೆ ಸಣ್ಣದಲ್ಲ. ಜನ ಚದುರಿಹೋದರು.

ಇದಾಗಿ ಒಂದು ತಿಂಗಳಿಗೆ ಅವರು ತಮ್ಮ ಸ್ವಂತ ಟ್ರ್ಯಾಕ್ಟರನ್ನು ಶಿಗ್ಗಾಂವಿಯಲ್ಲಿರುವ ಅಕ್ಕನ ಮಗ ಬಸಪ್ಪನಿಗೆ ಒಪ್ಪಿಸಿಬಿಟ್ಟರು. ವಯಸ್ಸಾಯಿತು, ಅವನೇ ಹೊಡೆಯಲಿ ಎಂದು ಊರಿಗೆ ಹೇಳಿದ್ದು. ನಿಜ ಸಂಗತಿಯನ್ನು ನಿಂಗವ್ವ ನಮ್ಮ ಅಡುಗೆಮನೆಯಲ್ಲಿ ಕುಳಿತು ಹೇಳಿದಳು. ಎಡ ಮೊಣಕಾಲು ಪೂರ್ತಿ ಸವೆದಿದೆ, ಇನ್ನು ಕ್ಲಚ್ ಒತ್ತಲೇ ಕೂಡದೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಇವರು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: "ಅರ್ಧ ಕ್ಲಚ್ ಒತ್ತಬೌದೇನ್ರಿ?"

"ರಸ್ತೆದಾಗ ಟ್ರ್ಯಾಕ್ಟರ್ ಸಪ್ಪಳ ಕೇಳಿದ್ರ ಉಣ್ಣೂದು ಬಿಟ್ಟು ಗ್ವಾಡಿ ಕಡೆ ಮಾರಿ ಮಾಡಿ ಕುಂದರ್ತಾರ್ರೀ" ಎಂದು ನಿಂಗವ್ವ ಅತ್ತಳು. "ಹಿಂಗ ಇದ್ರ ಅವರು ಮುಂದಿನ ಮಳಿಗಾಲ ನೋಡೂದಿಲ್ಲ. ನನಗ ಗೊತ್ತೈತಿ."

ನಾನು ಲೆಕ್ಕ ಹಾಕತೊಡಗಿದೆ. ಗೇರಿನ ಗಾಡಿ ಕೆಟ್ಟರೆ ನಮ್ಮೂರ ವೆಲ್ಡಿಂಗ್ ಅಂಗಡಿಯ ಮೌಲಾಸಾಬರೇ ಸರಿಮಾಡುತ್ತಾರೆ. ಎಣ್ಣೆಯ ಗಾಡಿ ಕೆಟ್ಟರೆ ದೂರದಿಂದ ಜನ ಬರಬೇಕು. ಎರೆಮಣ್ಣಿನಲ್ಲಿ ನೇಗಿಲು ಆಳಕ್ಕೆ ಇಳಿದರೆ ಗೇರಿನ ಗಾಡಿ ಹಟ ಹಿಡಿದು ಜಗ್ಗುತ್ತದೆ. ಎಣ್ಣೆಯದು ಕಾದು, ಡೀಸೆಲ್ ಕುಡಿದು, ಸುಸ್ತಾಗುತ್ತದೆ. ಆದರೆ ನನಗೆ ನೇಗಿಲು ಬೇಕಿರಲಿಲ್ಲ. ಮಾವಿನ ಮರದಿಂದ ಮರಕ್ಕೆ ಎರಡು ಮಾರು ಮುಂದೆ, ಒಂದು ಮಾರು ಹಿಂದೆ, ಇಡೀ ದಿನ ಹೀಗೆ ಕಳೆ ತೆಗೆಯುವ ಕೆಲಸ. ಗೇರಿನ ಗಾಡಿಯಲ್ಲಿ ಅದು ಸಾವಿರ ಸಲ ಕ್ಲಚ್ ಒತ್ತುವ ಕೆಲಸ, ನನ್ನ ಕ್ಲಚ್ಚಿನ ಮಟ್ಟವೋ ತಿಪ್ಪೆಗೆ ಗೊತ್ತು. ನಾನು ಗೇರಿಲ್ಲದ ಗಾಡಿಯನ್ನೇ ತಂದೆ. ಎಡಗಾಲು ಬೇಕಿಲ್ಲದ ಒಂದು ಗಾಡಿ ಫಕ್ಕೀರಪ್ಪನವರ ಗೋಡೆಯಾಚೆ ಇರಲಿ ಎಂಬ ಆಸೆಯೂ ಆ ಲೆಕ್ಕದಲ್ಲಿ ಸೇರಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಫಕ್ಕೀರಪ್ಪನವರು ನನ್ನೊಡನೆ ಮಾತು ಬಿಟ್ಟರು. ಗೋಡೆಯಾಚೆಯಿಂದ ನಿಂಗವ್ವನಿಗೆ ಹೇಳುವ ನೆವದಲ್ಲಿ ನನಗೆ ಕೇಳುವಂತೆ, "ಕಲ್ತವರ ಬುದ್ಧಿ ನೋಡು, ಉಪ್ಪಿಲ್ಲದ ಮಜ್ಜಿಗಿ ತಂದು ಮನಿ ಮುಂದ ನಿಲ್ಲಿಸ್ಯಾರ" ಎನ್ನುತ್ತಿದ್ದರು. ಹದಿನೈದು ದಿನ ಹೀಗೆ ನಡೆಯಿತು.

ಒಂದು ಭಾನುವಾರ ಬೆಳಿಗ್ಗೆ ನಾನು ತೋಟದಲ್ಲಿದ್ದಾಗ ಅವರು ಕೋಲು ಊರಿಕೊಂಡು ಬಂದರು. ಸುತ್ತ ಯಾರೂ ಇಲ್ಲವೆಂದು ಮೂರು ಸಲ ನೋಡಿದರು. "ನಾ ಏನ್ ಹೊಡಿಯಾಕ ಬಂದಿಲ್ಲ. ಸೀಟು ನೋಡಾಕ ಬಂದೇನಿ" ಎಂದರು. ಸೀಟು ನೋಡಿದರು. ಕುಳಿತು ನೋಡಿದರು. ಕುಳಿತ ಮೇಲೆ ಕೀಲಿ ತಿರುವಿ ನೋಡದಿದ್ದರೆ ಹೇಗೆ? ಗಾಡಿ ಮೆಲ್ಲಗೆ ಹೊರಟು, ಮೊದಲ ಸಾಲು ಮುಗಿಸಿ, ಎರಡನೆಯದರಲ್ಲಿ ತಿರುಗಿತು. ಮೂರನೆಯ ಸಾಲಿನ ಕೊನೆಯಲ್ಲಿ ಅವರು ಹಿಂದಕ್ಕೆ ಓಡಿಸಲು ಶುರು ಮಾಡಿದರು. ಹಳೆಯ ಪಂದ್ಯದವರ ಹಾಗೆ ಕುತ್ತಿಗೆ ಹೊರಳಿಸಿ, ಒಂದೂ ಎಲೆ ಅಲುಗದಂತೆ ಇಡೀ ಸಾಲನ್ನು ಹಿಮ್ಮುಖವಾಗಿಯೇ ಮುಗಿಸಿ ನನ್ನ ಮುಂದೆ ತಂದು ನಿಲ್ಲಿಸಿದರು. ಅವರ ಮುಖ ನೋಡಿ ನನ್ನ ಆಯ್ಕೆ ಸರಿ ಎಂದು ಆ ಕ್ಷಣಕ್ಕೆ ಗೊತ್ತಾಯಿತು.

ಆದರೆ ಅವರು ಇಳಿದವರೇ ಮರದ ಬುಡದಲ್ಲಿ ತಲೆ ಹಿಡಿದು ಕುಳಿತರು. "ಅಕ್ಕೋರ, ಮೀಸಿ ಹೋತಲ್ರೀ."

"ಯಾರೂ ನೋಡಿಲ್ಲ ಬಿಡ್ರಿ."

"ದಿನಾ ಬರಬೇಕಲ್ರೀ ನಾ. ದಿನಾ ಯಾರೂ ನೋಡದಂಗ ಹೆಂಗಿರತಾರ?" ಎಂದವರು ಥಟ್ಟನೆ ಮುಖ ಎತ್ತಿದರು. "ಗೇರಿಲ್ಲದ ಗಾಡಿ ಮ್ಯಾಲೆ ಕುಂದ್ರೂದಿಲ್ಲ ಅಂದೇನಿ. ಗೇರು ಹಾಕ್ಸಿದ್ರ?"

ಮರುದಿನವೇ ಮೌಲಾಸಾಬರು ಗೇರು ಮಾಡಿಕೊಟ್ಟರು. ಮುರಿದ ಕೈಪಂಪಿನ ಹಿಡಿಕೆ, ತುದಿಗೆ ಒಂದು ಕೆಂಪು ಗುಂಡಿ. ಅದನ್ನು ತಗಡಿನ ಮೇಲೆ ಒಂದು ಕೀಲಿನಲ್ಲಿ ಕೂರಿಸಿದ್ದರು. ಹಿಂದೆ ಮುಂದೆ ಚೆನ್ನಾಗಿ ಆಡುತ್ತಿತ್ತು, ಕೆಳಗೆ ಯಾವುದಕ್ಕೂ ಸಂಬಂಧವಿರಲಿಲ್ಲ. ಎಡಗಡೆ ಹಳೆಯ ಸ್ಕೂಟರ್ ಸೀಟಿನ ಸ್ಪ್ರಿಂಗು ಹಾಕಿ, ಬೆಣ್ಣೆಯಷ್ಟು ಮೆತ್ತಗಿನ ಒಂದು ಕ್ಲಚ್ಚೂ ಬಂತು. ಒತ್ತಿದರೆ ಮೊಣಕಾಲಿಗೆ ಗೊತ್ತೂ ಆಗುತ್ತಿರಲಿಲ್ಲ. ಮೌಲಾಸಾಬರು ಕೆಲಸ ಮುಗಿಸಿ, "ಫಕ್ಕೀರಪ್ಪಣ್ಣ, ಇಷ್ಟು ಛಲೋ ಗೇರು ನಾ ಜಿಂದಗಿದಾಗ ಮಾಡಿಲ್ಲ. ಎಂದೂ ಕೆಡೂದಿಲ್ಲ" ಎಂದರು. ಅದಂತೂ ನಿಜ.

ಅಲ್ಲಿಂದ ಫಕ್ಕೀರಪ್ಪನವರು ದಿನವೂ ಬಂದರು. ರಸ್ತೆಯ ಪಕ್ಕದ ಸಾಲಿನಲ್ಲಿ ಹೋಗುವಾಗ ಕ್ಲಚ್ ಒತ್ತಿ, ಗೇರು ಎಳೆದು, ಬಾಯಿಂದಲೇ ಸಪ್ಪಳ ಬದಲಿಸಿ, "ಮೂರನೇದು ಬಿತ್ತ ನೋಡ್ರಿ!" ಎಂದು ಕೂಗುತ್ತಿದ್ದರು. ರಸ್ತೆಯಲ್ಲಿ ಜನ ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ಎಣ್ಣೆಯ ಗಾಡಿಗೆ ಫಕ್ಕೀರಪ್ಪ ಗೇರು ಕೂರಿಸಿದನಂತೆ ಎಂಬ ಸುದ್ದಿ ಮೊಬೈಲುಗಳಲ್ಲಿ ಹಬ್ಬಿತು. ಯಾರೋ ವಿಡಿಯೋ ಮಾಡಿ, "ಹಳೇ ಹುಲಿ, ಹೊಸ ಗಾಡಿ" ಎಂದು ಬರೆದು ಹಾಕಿದರು. ನಿಂಗವ್ವ ಹೇಳಿದಳು, ಅವರು ಈಗ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾರಂತೆ.

ಆಮೇಲೆ ಬಂತು ಗಂಡಾಂತರ. ಹಿರೇಕೆರೂರು ಕಡೆಯ ಮೂವರು ರೈತರು ಆ ವಿಡಿಯೋ ಹಿಡಿದುಕೊಂಡು, ತಮಗೂ "ಫಕ್ಕೀರಪ್ಪನ ಗೇರು ಹಾಕಿದ್ದ" ಬೇಕೆಂದು ಮಾರಾಟಗಾರನ ಬೆನ್ನು ಬಿದ್ದರು. ಅವನು ಕಂಗಾಲಾಗಿ ಅವರನ್ನೂ ಕಟ್ಟಿಕೊಂಡು ನಮ್ಮ ತೋಟಕ್ಕೇ ಬಂದ. ಹಿಂದೆ ಊರವರು ಹತ್ತಿಪ್ಪತ್ತು ಜನ. ಫಕ್ಕೀರಪ್ಪನವರು ಗಾಡಿಯ ಮೇಲೆ ಕೆಂಪು ಗುಂಡಿ ಹಿಡಿದು ಕುಳಿತವರು ಕುಳಿತಂತೆಯೇ ಕಲ್ಲಾದರು. ಇನ್ನೊಂದು ಕೈ ಮೀಸೆಯ ಮೇಲೆ ಹೋಯಿತು.

ಮಾರಾಟಗಾರ ಮೊಣಕಾಲೂರಿ ಗಾಡಿಯ ಕೆಳಗೆ ಬಗ್ಗಿ ನೋಡಿದ. ಗೇರಿನ ಕೆಳತುದಿ ಗಾಳಿಯಲ್ಲಿ ನೇತಾಡುತ್ತಿರುವುದು ನನಗೂ ಕಾಣುತ್ತಿತ್ತು. ಅವನು ತಲೆ ಎತ್ತಿ ಫಕ್ಕೀರಪ್ಪನವರ ಮುಖ ನೋಡಿದ. ನನಗೆ ತಡೆಯಲಾಗಲಿಲ್ಲ.

"ಅದು ನಮ್ಮ ತ್ವಾಟದ ಮಣ್ಣಿಗೆ ಅಷ್ಟ ಹೊಂದೂದ್ರಿ" ಎಂದೆ. "ಬ್ಯಾರೆ ಕಡೆ ನಡಿಯೂದಿಲ್ಲ."

ಇಷ್ಟು ವರ್ಷ ವಿಜ್ಞಾನ ಕಲಿಸಿದ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಮಾರಾಟಗಾರ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ರೈತರ ಕಡೆ ತಿರುಗಿದ. "ಅಕ್ಕೋರ ಹೇಳೂದು ಖರೇ ಐತ್ರೀ. ಈ ಪಾರ್ಟು ಕಂಪನ್ಯಾಗ ಸಿಗೂದಿಲ್ಲ. ಇದು ಇವರೊಬ್ಬರ ಕೈಯಾಗ ಅಷ್ಟ ನಡೀತೈತಿ." ಆ ಮನುಷ್ಯನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ರೈತರಲ್ಲಿ ಒಬ್ಬ ಬಿಡಲಿಲ್ಲ. "ಹಂಗಾರ ನಾವು ಯಾವುದು ತಗೋಬೇಕ್ರೀ ಯಜಮಾನ್ರ? ಗೇರಿಂದೋ, ಎಣ್ಣಿದೋ?" ಮೊದಲಾಗಿದ್ದರೆ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಸಿಡಿಯುತ್ತಿತ್ತು. ಅಂದು ಫಕ್ಕೀರಪ್ಪನವರು ತಡೆದು ಹೇಳಿದರು: "ನಿಮ್ಮದು ಎರಿ ಹೊಲ. ಜಗ್ಗೋ ಕೆಲಸ. ಗೇರಿಂದ ತಗೋರಿ, ಕೆಟ್ರ ಊರಾಗ ರಿಪೇರಿ ಆಕ್ಕೈತಿ. ತ್ವಾಟ ಇದ್ದವರು, ದಿನಾ ಹಿಂದ-ಮುಂದ ಮಾಡೋರು, ಕಾಲಾಗ ಕಸುವು ಇಲ್ಲದವರು..." ಕೈ ಕೆಂಪು ಗುಂಡಿಗೆ ಹೋಯಿತು. "ಅವರದು ಬ್ಯಾರೆ" ಎಂದು ಮುಗಿಸಿ, ಕ್ಲಚ್ ಒತ್ತಿ ಹೊರಟುಹೋದರು.

ಒಂದು ಮಳೆಗಾಲವಲ್ಲ, ಎರಡು ಮಳೆಗಾಲ ಅವರು ನಮ್ಮ ತೋಟದಲ್ಲಿ ಗಾಡಿ ಓಡಿಸಿದರು. ಮಾವು ಹೂ ಬಿಟ್ಟಿದ್ದ ಒಂದು ಮಧ್ಯಾಹ್ನ ಸಾಲಿನ ನಡುವೆ ಗಾಡಿ ನಿಲ್ಲಿಸಿ, ಬಹಳ ಹೊತ್ತು ಮೇಲೆ ನೋಡಿದರು. "ಒಂದ ಟೊಂಗಿ ಮುರದಿಲ್ಲ ನೋಡ್ರಿ ಅಕ್ಕೋರ." ಆಮೇಲೆ ದನಿ ಇಳಿಸಿ ಕೇಳಿದರು: "ನಾ ಮಂದಿಗೆ ಮ್ವಾಸ ಮಾಡಿದಂಗ ಆತೇನ್ರಿ?" ಇಲ್ಲ ಎಂದೆ. ಅವರಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ. ಅದೇ ನಮ್ಮ ಕೊನೆಯ ಮಾತು. ನಾಲ್ಕು ದಿನಕ್ಕೆ, ಬೆಳಗಿನ ಚಹಾ ಕೈಯಲ್ಲಿ ಹಿಡಿದೇ ಅವರು ಹೋಗಿಬಿಟ್ಟರು.

ಅವರ ಮಂದಿಯಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ತಲೆಗೆ ರುಮಾಲು ಸುತ್ತಿ, ವಿಮಾನವೆಂಬ ಹೂವಿನ ಮಂಟಪದಲ್ಲಿ ಕೂರಿಸಿ ಒಯ್ಯುತ್ತಾರೆ. ಮಣ್ಣು ಮಾಡುವ ಜಾಗ ಕೆರೆಯ ಆಚೆ, ದೂರ. ವಿಮಾನವನ್ನು ಟ್ರೇಲರಿನಲ್ಲಿ ಇಡಬೇಕು. ಯಾವ ಟ್ರ್ಯಾಕ್ಟರಿಗೆ ಟ್ರೇಲರು ಹಚ್ಚುವುದು ಎಂಬಲ್ಲಿ ಜಗಳ ಹತ್ತಿತು. ಬಸಪ್ಪ ಶಿಗ್ಗಾಂವಿಯಿಂದ ಮಾಮನ ಹಳೆಯ ಗಾಡಿಯನ್ನೇ ತಂದಿದ್ದ. ಅದೇ ಆಗಬೇಕು ಎಂದು ಅರ್ಧ ಜನ. ಅದು ಹೊರಡುವಾಗ ಜಗ್ಗುತ್ತದೆ, ಕುಳಿತವರು ವಾಲಿ ಬಿದ್ದರೆ ನಾಲ್ಕು ತಾಲೂಕಿನ ಮುಂದೆ ಮರ್ಯಾದೆ ಏನಾದೀತು, ಅಕ್ಕೋರ ಗಾಡಿಗೂ ಅವರೇ ಗೇರು ಹಾಕಿಸಿದ್ದಾರಲ್ಲ, ಅದಾಗಲಿ ಎಂದು ಇನ್ನರ್ಧ. ಸವಣೂರಿನ ಎಲೆ ವ್ಯಾಪಾರಿ ಎರಡನೇ ಗೇರಿನ ವಿಷಯ ತೆಗೆದ. ದನಿಗಳು ಏರಿದವು. ಕೊನೆಗೆ ಯಾರೋ ಪರೀಕ್ಷೆ ಮಾಡಿ ನೋಡೋಣ ಎಂದರು.

ನಿಂಗವ್ವನನ್ನು ಕೇಳಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರು ಇದ್ದಿದ್ರ ತಾವ ಮಾಡ್ತಿದ್ರು. ಮಾಡ್ರಿ" ಎಂದಳು.

ಖಾಲಿ ವಿಮಾನದಲ್ಲಿ ಒಂದು ಭತ್ತದ ಚೀಲ ಕೂರಿಸಿದರು. ಚೀಲಕ್ಕೂ ಒಂದು ರುಮಾಲು ಸುತ್ತಿದರು, ಭಾರ ಸರಿಹೋಗಲಿ ಎಂದು. ಬಸಪ್ಪ ಅಳುತ್ತಲೇ ಗಾಡಿ ಹತ್ತಿದ. ಅಳುವವನ ಕಾಲಿಗೆ ಕ್ಲಚ್ ದಕ್ಕುವುದೇ? ಗಾಡಿ ಹಾರಿತು, ಚೀಲ ರುಮಾಲಿನ ಸಮೇತ ಭಜನೆಯವರ ನಡುವೆ ಬಿತ್ತು. ತಾಳ ನಿಂತಿತು. ಯಾರೂ ನಗಲಿಲ್ಲ, ನಾನು ಮಾತ್ರ ತುಟಿ ಕಚ್ಚಿಕೊಂಡೆ. ಆಮೇಲೆ ನನ್ನ ಗಾಡಿಗೆ ಹಚ್ಚಿದರು. ನಾನು ಬಲಗಾಲನ್ನು ಮೆಲ್ಲಗೆ ಒತ್ತಿದೆ. ಚೀಲ ಅಲ್ಲಾಡಲಿಲ್ಲ. ಹಿರಿಯರೊಬ್ಬರು "ಹೆಣ್ಮಗಳು ಹೊಡೀತಾಳೇನು?" ಎಂದರೆ, ನಿಂಗವ್ವ, "ಅವರ ಕೈಯಾಗ ಕಲ್ತಾಳ. ಹೊಡೀಲಿ" ಎಂದಳು.

ಚೀಲ ಇಳಿಸಿ ಫಕ್ಕೀರಪ್ಪನವರನ್ನು ಕೂರಿಸಿದರು. ಭಜನೆ ಮುಂದೆ, ನಾನು ಹಿಂದೆ, ನನ್ನ ಬೆನ್ನಿಗೆ ಅವರು. ಪೇಟೆ ದಾಟಿ, ಕೆರೆಯ ಏರಿ ಹತ್ತಿ, ಇಳಿದು, ಹೊಲದ ಬದುವಿನ ಮೇಲೆ ಹೋಗಿ ನಿಲ್ಲಿಸಿದೆ. ತಿರುಗಿ ನೋಡಿದರೆ ಮನೆಯಲ್ಲಿ ಹೇಗೆ ಕೂರಿಸಿದ್ದರೋ ಹಾಗೆಯೇ ಕುಳಿತಿದ್ದರು. ರುಮಾಲಿನ ಒಂದು ಸುತ್ತೂ ಸಡಿಲವಾಗಿರಲಿಲ್ಲ.

ಅದೇ ಹಿರಿಯರು ಗಾಡಿಯ ಹತ್ತಿರ ಬಂದು, ಕೆಂಪು ಗುಂಡಿಯ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡ್ರಿ, ಗೇರಿನ ಗಾಡಿ ಅಂದ್ರ ಹಿಂಗಿರಬೇಕು. ಫಕ್ಕೀರಪ್ಪ ಸುಳ್ಳ ಹೇಳಾಂವಲ್ಲ." ಎಲ್ಲರೂ ತಲೆದೂಗಿ ನನ್ನ ಕಡೆ ನೋಡಿದರು.

"ಹೌದ್ರಿ" ಎಂದೆ. ಆಮೇಲೆ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ.